ಗೇರ್‌ಬಾಕ್ಸ್ ಲಿಂಡ್ಸೆಗೆ ಹೇಳಲಾಗದೆ ಹೋದ ಮಾತು

ದಕ್ಷಿಣ ಆಸ್ಟ್ರೇಲಿಯಾದ ನಮ್ಮ ಕ್ವಾರ್ನ್ ಊರಿನಲ್ಲಿ ಲಿಂಡ್ಸೆ ನೋಸ್ಕೆಯನ್ನು ಮನೆತನದ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವನು ಗೇರ್‌ಬಾಕ್ಸ್ ಲಿಂಡ್ಸೆ. ನನ್ನ ಅಂಚೆ ಕಚೇರಿಯಿಂದ ಮೂರನೆಯ ಕಟ್ಟಡವೇ ಅವನ ತಗಡಿನ ಶೆಡ್ಡು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅಂದರೆ ಮುಟ್ಟಬಾರದ ಮಂತ್ರದ ಪೆಟ್ಟಿಗೆ ಎಂದು ಉಳಿದ ಮೆಕ್ಯಾನಿಕ್‌ಗಳು ದೂರ ಸರಿಯುತ್ತಿದ್ದ ಕಾಲದಲ್ಲಿಯೇ ಅವನು ಅದನ್ನು ಬಿಚ್ಚಿ, ಅದರ ನೂರಾರು ಬಿಡಿಭಾಗಗಳನ್ನು ಹಳೆಯ ಮಂಚದ ಹಾಸಿನ ಮೇಲೆ ಸಾಲಾಗಿ ಹರವಿ, ಶಿಳ್ಳೆ ಹಾಕುತ್ತ ಮತ್ತೆ ಜೋಡಿಸುತ್ತಿದ್ದ. ನಲವತ್ತೊಂದು ವರ್ಷ ಅದೇ ಕೆಲಸ.

ಕೆಲಸಕ್ಕಿಂತ ಹೆಚ್ಚು ಅವನ ಮಾತು. ಚಳಿಗಾಲ ಬಂತೆಂದರೆ ದಕ್ಷಿಣದಿಂದ ಕ್ಯಾರವಾನ್ ಎಂಬ ಚಕ್ರದ ಮನೆ ಎಳೆದುಕೊಂಡು ಬರುವ ನಿವೃತ್ತ ಜೋಡಿಗಳು ನಮ್ಮ ಬೀದಿಯಲ್ಲಿ ಕಾಫಿಗೆ ನಿಲ್ಲುತ್ತಾರೆ. ಲಿಂಡ್ಸೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಯಾರೂ ಕೇಳದಿದ್ದರೂ ಅವರ ಗಾಡಿಯ ಮುಂದೆ ಬಗ್ಗಿ ಮೂಸಿ ನೋಡುತ್ತಿದ್ದ.

“ಹಿಂದೆ ಎಷ್ಟು ಭಾರ ಕಟ್ಟಿದೀಯಪ್ಪಾ?”

“ಎರಡೂವರೆ ಟನ್ನು.”

“ನಿನ್ನ ಬೆನ್ನಿಗೆ ಹೆಂಡ್ತೀನ ಕಟ್ಟಿ ಈ ಗುಡ್ಡ ಹತ್ತು ಅಂದ್ರೆ ಬೆವರೋದಿಲ್ವಾ? ಈ ಗೇರ್‌ಬಾಕ್ಸಿಗೆ ಪಾಪ, ಬೆವರೋಕೂ ಬರಲ್ಲ ಮಾರಾಯಾ. ಒಳಗಿನ ಎಣ್ಣೆ ಬೆಂದು ಕರಕಲಾಗ್ತಾ ಇದೆ. ವಾಸನೆ ಬರ್ತಿಲ್ವಾ ನಿಂಗೆ?”

ಒಮ್ಮೆ ಗಾಡಿಯೊಳಗಿದ್ದ ಹೆಂಗಸು ಕಿಟಕಿ ಇಳಿಸಿ, “ಅವನ ಬೆನ್ನಿಗೆ ನನ್ನ ಯಾಕ್ ಕಟ್ತೀಯಾ? ಅವನ ಬಾಯಿ ಕಟ್ಟು, ಅಷ್ಟೇ ಸಾಕು” ಅಂದಿದ್ದಳು. ಲಿಂಡ್ಸೆ ನಕ್ಕು ನಕ್ಕು ಅವರಿಗೆ ಪುಕ್ಕಟೆಯಾಗಿ ಎಣ್ಣೆ ಬದಲಾಯಿಸಿ ಕೊಟ್ಟ.

ಗೇರ್‌ಬಾಕ್ಸ್ ಸಾಯುವುದು ವಯಸ್ಸಾಗಿ ಅಲ್ಲ, ಸೆಖೆಗೆ ಎನ್ನುವುದು ಅವನ ಬದುಕಿನ ಬೋಧನೆ. ಕಾರಿನ ಕಂಪನಿಯವರು ಗೇರ್‌ಬಾಕ್ಸಿನ ಎಣ್ಣೆಯನ್ನು ತಣಿಸಲು ರೇಡಿಯೇಟರಿನ ಹೊಟ್ಟೆಯೊಳಗೇ ಒಂದು ಸಣ್ಣ ಕೊಳವೆ ಇಟ್ಟಿರುತ್ತಾರೆ. ಕೊಳವೆಯೊಳಗೆ ಎಣ್ಣೆ, ಸುತ್ತ ರೇಡಿಯೇಟರಿನ ನೀರು, ನಡುವೆ ಕಾಗದದಷ್ಟು ತೆಳುವಾದ ಲೋಹ. ತಣ್ಣನೆಯ ಊರಿಗೆ ಅದು ಸಾಕು, ನಮ್ಮ ಕಡೆಗೆ ಸಾಲದು. ಲಿಂಡ್ಸೆ ಮುಂಭಾಗದಲ್ಲಿ, ಗಾಳಿ ಬಡಿಯುವ ಜಾಗದಲ್ಲಿ, ಬೇರೆಯೇ ಒಂದು ದೊಡ್ಡ ಕೂಲರ್ ಕೂರಿಸಿ ಎಣ್ಣೆಯ ಪೈಪುಗಳನ್ನು ಅದಕ್ಕೆ ಎಳೆಯುತ್ತಿದ್ದ. ಇಂಥ ಎಷ್ಟು ಕೂಲರ್ ಹಾಕಿದ್ದಾನೋ ಲೆಕ್ಕವಿಲ್ಲ.

ಅವನ ಹೆಂಡತಿ ಗ್ಲೆನಿಸ್ ನನ್ನ ಗೆಳತಿ, ನನ್ನ ಕಚೇರಿಯ ಟಪಾಲು ಒಯ್ಯುವವಳು. ಹತ್ತೊಂಬತ್ತು ವರ್ಷದಿಂದ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಆರಕ್ಕೆ ನಾನು ಚೀಲಗಳನ್ನು ಅವಳ ಗಾಡಿಗೂ ಹಿಂದಿನ ಟ್ರೇಲರಿಗೂ ತುಂಬಿಸುತ್ತಿದ್ದೆ. ಬೆಟ್ಟಗಳ ಆಚೆ ಹನ್ನೊಂದು ಕುರಿ ಫಾರಂ, ಮುನ್ನೂರ ನಲವತ್ತು ಕಿಲೊಮೀಟರ್ ಮಣ್ಣಿನ ರಸ್ತೆ. ಕಾಗದ, ಔಷಧಿ, ದಿನಸಿ, ಪಂಪಿನ ಬಿಡಿಭಾಗ, ಮಕ್ಕಳ ಪಾಠದ ಪೊಟ್ಟಣ ಎಲ್ಲ ಅವಳ ಕೈಯಿಂದಲೇ ಹೋಗಬೇಕು. ಎಡ ಮಂಡಿ ಕೆಟ್ಟು ಕ್ಲಚ್ ತುಳಿಯಲಾಗದೆ ಹೋದಾಗ ಅವಳು ಹಳೆಯದೊಂದು ಆಟೊಮ್ಯಾಟಿಕ್ ಗಾಡಿ ಕೊಂಡಳು. ಮೊದಲ ಬೇಸಿಗೆಯಲ್ಲೇ ಮೂರು ಸಲ ಗೇರ್‌ಬಾಕ್ಸ್ ಕಾದು ಎಚ್ಚರಿಕೆಯ ದೀಪ ಹತ್ತಿಕೊಂಡಿತು.

“ಊರವರಿಗೆಲ್ಲ ಹಾಕ್ತೀಯಾ, ನಂಗ್ಯಾವಾಗ ಹಾಕ್ತೀಯೋ?” ಎಂದು ಅವಳು ಕೇಳಿದ್ದಕ್ಕೆ ಲಿಂಡ್ಸೆ ಫ್ಯಾನಿರುವ ದೊಡ್ಡ ಕೂಲರನ್ನೇ ತರಿಸಿದ. “ಈ ಸಲ ಸೆಖೆ ಶುರುವಾಗೋದ್ರೊಳಗೆ ಹಾಕ್ತೀನಿ ಕಣೇ. ನಿನ್ನ ಗಾಡೀಗೆ ಅರ್ಜೆಂಟಲ್ಲಿ ಹಾಕಲ್ಲ ನಾನು, ನಿಧಾನಕ್ಕೆ ಹಾಕೋದು.”

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದವನು ಹಾಗೆಯೇ ಕುಸಿದ. ಲಕ್ವ ಹೊಡೆದಿತ್ತು. ವಿಮಾನದಲ್ಲಿ ಅಡಿಲೇಡಿಗೆ ಒಯ್ದರು. ಒಂಬತ್ತು ವಾರ ಆಸ್ಪತ್ರೆ. ನವೆಂಬರ್ ಕೊನೆಗೆ ವಾಪಸ್ಸು ಬಂದಾಗ ಅವನ ಬಲಗೈ ತೊಡೆಯ ಮೇಲೆ ಸತ್ತ ಹಕ್ಕಿಯ ಹಾಗೆ ಬಿದ್ದಿತ್ತು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದ. ಮಾತು ಹೋಗಿತ್ತು.

ಪೂರ್ತಿ ಹೋಗಿದ್ದರೆ ಬೇರೆ ಮಾತು. ಒಂದು ಬೈಗುಳ ಉಳಿದಿತ್ತು, ಅದನ್ನು ಸ್ಪಷ್ಟವಾಗಿ ಹೇಳುತ್ತಿದ್ದ. ಇನ್ನೊಂದು ಪದ, ‘ಮಂಗಳವಾರ’. ಬಾಯಾರಿದರೂ ಮಂಗಳವಾರ, ಕಾಲು ನೋವಾದರೂ ಮಂಗಳವಾರ, ಗ್ಲೆನಿಸಳ ಕೆನ್ನೆ ಸವರುವಾಗಲೂ ಮಂಗಳವಾರ. ತಲೆಯೊಳಗೆ ವಿಷಯವೆಲ್ಲ ನೆಟ್ಟಗಿದೆ, ಹೊರಗೆ ಬರುವ ದಾರಿ ಮಾತ್ರ ಕೆಟ್ಟಿದೆ ಎಂದು ಡಾಕ್ಟರು ಹೇಳಿದ್ದರು. ಬರೆಯಲೂ ಆಗದು. ‘ಹೌದು’, ‘ಇಲ್ಲ’ ಕೂಡ ಅದಲುಬದಲು. ಬೇಡ ಅನ್ನಲು ಹೋಗಿ ಹೂಂ ಎಂದು ತಲೆಯಾಡಿಸಿಬಿಡುತ್ತಿದ್ದ. ಆಮೇಲೆ ತನ್ನ ತಲೆ ಮಾಡಿದ ಮೋಸಕ್ಕೆ ತಾನೇ ಬೆಚ್ಚಿ ನಮ್ಮ ಮುಖ ನೋಡುತ್ತಿದ್ದ.

ಡಿಸೆಂಬರ್ ಮೊದಲ ವಾರಕ್ಕೇ ನಲವತ್ತೆರಡು ಡಿಗ್ರಿ. ಹತ್ತಿರದ ಪಟ್ಟಣ ಪೋರ್ಟ್ ಅಗಸ್ಟಾದ ಗ್ಯಾರೇಜುಗಳಲ್ಲಿ ಫೆಬ್ರವರಿವರೆಗೆ ಜಾಗವಿರಲಿಲ್ಲ. ಗ್ಲೆನಿಸ್ ಒಂದು ಭಾನುವಾರ ಕೂಲರಿನ ಪೆಟ್ಟಿಗೆಯನ್ನು ತಾನೇ ಬಿಚ್ಚಿದಳು.

“ನಲವತ್ತು ವರ್ಷ ಅವನ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದೀನಿ ಬೆವ್. ನಾಲ್ಕು ಪೈಪು ಹಾಕೋಕೆ ನಂಗೆ ಬರಲ್ವಾ? ಅವನನ್ನ ಕುರ್ಚಿ ಹಾಕಿ ಕೂರಿಸ್ತೀನಿ. ಯಜಮಾನಿಕೆ ಮಾಡ್ಲಿ. ಕೆಲಸದ ಮಧ್ಯೆ ಇದ್ರೆ ಮಾತು ಬಂದ್ರೂ ಬರಬಹುದಂತೆ, ಆ ಹುಡುಗಿ ಹೇಳಿದ್ಳು.” ಆ ಹುಡುಗಿ ಎಂದರೆ ಮಾತು ಕಲಿಸುವ ಡಾಕ್ಟರು.

ನಾನು ಬೇಕರಿಯಿಂದ ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪೇಸ್ಟಿ ಕಟ್ಟಿಸಿಕೊಂಡು ಹೋದೆ. ಟಾರ್ಚ್ ಹಿಡಿಯುವ ಕೆಲಸ ನನಗೆ ಬಿತ್ತು. ಆದ್ದರಿಂದ ಇದನ್ನು ಯಾರೋ ಹೇಳಿದ್ದೆಂದು ಹೇಳುತ್ತಿಲ್ಲ. ನಾನು ಅಲ್ಲಿದ್ದೆ.

ಲಿಂಡ್ಸೆ ಅಂದು ಖುಷಿಯಾಗಿದ್ದ. ಹಳೆಯ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಅವಳು ಸರಿಯಾದ ಸ್ಪ್ಯಾನರ್ ತೆಗೆದಾಗ ಎಡಗೈಯಿಂದ ತೊಡೆ ತಟ್ಟುತ್ತಿದ್ದ. ಕೂಲರನ್ನು ಕಂಬಿಗಳಿಗೆ ಕೂರಿಸಿದ್ದು ಸೊಗಸಾಗಿಯೇ ಇತ್ತು. ಪೈಪಿನ ಸರದಿ ಬಂದಾಗ ಅವಳು ಪೆಟ್ಟಿಗೆಯಲ್ಲಿದ್ದ ಚೀಟಿಯನ್ನು ಗಟ್ಟಿಯಾಗಿ ಓದಿದಳು. ರೇಡಿಯೇಟರಿನಿಂದ ಹೊರಬರುವ ಎಣ್ಣೆಯ ಪೈಪನ್ನು ಹೊಸ ಕೂಲರಿಗೆ ಕೊಡಿ, ಅಲ್ಲಿಂದ ಗೇರ್‌ಬಾಕ್ಸಿಗೆ ವಾಪಸ್ಸು ಒಯ್ಯಿರಿ ಎಂದಿತ್ತು. ಅಂದರೆ ಹಳೆಯ ಕೊಳವೆಯೂ ಇರಲಿ, ಅದರ ಮುಂದೆ ಹೊಸದೂ ಇರಲಿ ಎಂದು.

“ಮಂಗಳವಾರ,” ಎಂದ ಲಿಂಡ್ಸೆ.

“ಹೂಂ ಕಣೋ. ಮಂಗಳವಾರದ ಟ್ರಿಪ್ಪಿಗೆ ರೆಡಿ ಆಗುತ್ತೆ, ಯಾಕೆ ಅವಸರ?”

“ಮಂಗಳವಾರ! ಮಂಗಳವಾರ!” ಅವನು ಎದ್ದು ನಿಂತ. ವಾಕರನ್ನು ತಳ್ಳಿಕೊಂಡು ಬಾನೆಟ್ಟಿನ ಹತ್ತಿರ ಬಂದ. ರೇಡಿಯೇಟರಿನ ಪಕ್ಕದ ನೀರಿನ ಬಾಟಲಿಯ ಮುಚ್ಚಳವನ್ನು ಎಡಗೈಯಿಂದ ತಡಕಾಡಿ ತಿರುಗಿಸಿ ಬೆರಳನ್ನು ಒಳಗೆ ಅದ್ದಿದ. ಹೊರತೆಗೆದು ಗ್ಲೆನಿಸಳ ಕಣ್ಣೆದುರು ಹಿಡಿದ. ತುದಿಯಲ್ಲಿ ತೆಳ್ಳಗೆ ಕೆಂಪು ಜಿಡ್ಡು.

ನನ್ನ ಟಾರ್ಚಿನ ಬೆಳಕು ಆ ಬೆರಳಿನ ಮೇಲೇ ಇತ್ತು.

ಪೈಪು ಬಿಚ್ಚಿದಾಗ ಗೇರ್‌ಬಾಕ್ಸಿನ ಕೆಂಪೆಣ್ಣೆ ಎಲ್ಲ ಕಡೆ ಸೋರಿತ್ತು. ಗ್ಲೆನಿಸಳ ಮೊಣಕೈವರೆಗೂ ಅದೇ, ನನ್ನ ಚಪ್ಪಲಿಗೂ ಅದೇ. “ಅಯ್ಯೋ, ಕೈಯೆಲ್ಲ ಗಲೀಜು ಮಾಡ್ಕೊಂಡ್ಯಾ” ಎಂದು ಅವಳು ಚಿಂದಿ ಬಟ್ಟೆ ತೆಗೆದು, ಮಗುವಿನ ಕೈ ಒರೆಸುವಷ್ಟು ಮೆತ್ತಗೆ, ಅವನ ಬೆರಳನ್ನು ಒರೆಸಿದಳು.

ಅವನು ಮತ್ತೆ ಅದ್ದಿದ. ಅವಳು ಮತ್ತೆ ಒರೆಸಿದಳು.

ಆಮೇಲೆ ಅವನು ಸೀಮೆಸುಣ್ಣ ತೆಗೆದುಕೊಂಡು ಕೆಲಸದ ಮೇಜಿನ ಮೇಲೆ ಡೊಂಕುಡೊಂಕಾಗಿ ಒಂದು ಚೌಕ ಗೀಚಿದ. ಅದರ ಮೇಲೆ ಅಡ್ಡಗೆರೆ ಹೊಡೆದ. ಮತ್ತೆ ಹೊಡೆದ. ಸುಣ್ಣ ಮುರಿಯಿತು. ಚಿತ್ರ ಸರಿ ಬರಲಿಲ್ಲವೆಂದು ಕೋಪದಿಂದ ಅಳಿಸುತ್ತಿದ್ದಾನೆ ಎಂದುಕೊಂಡೆವು.

“ಲಿಂಡ್ಸೆ, ಇಲ್ನೋಡು. ಪೈಪು ಉಜ್ಜುತ್ತೆ ಅಂತಲಾ?”

ಅವನ ತಲೆ ಹೂಂ ಎಂದು ಆಡಿತು. ಮುಖ ಅಲ್ಲ ಎನ್ನುತ್ತಿತ್ತು.

“ಕ್ಲಿಪ್ಪು ಸಡಿಲ ಆಯ್ತಾ?”

ಅದಕ್ಕೂ ಹೂಂ.

“ಎಲ್ಲದಕ್ಕೂ ಹೂಂ ಅಂದ್ರೆ ನಾನೇನೋ ಮಾಡ್ಲಿ?” ಅವಳ ಧ್ವನಿ ಏರಿತು. ಬೆಳಗಿನಿಂದ ನೆಲದ ಮೇಲೆ ಮಂಡಿಯೂರಿದ್ದವಳು ಅವಳು. “ನೀನು ಮಾಡೋದಾಗಿದ್ರೆ ಸೆಪ್ಟೆಂಬರಿಗೆ ಮುಂಚೆ ಮಾಡ್ಬೇಕಿತ್ತು!”

ಲಿಂಡ್ಸೆ ಬೈಗುಳವನ್ನು ಒಮ್ಮೆ ಹೇಳಿದ. ನಂತರ ಕುರ್ಚಿಗೆ ಹೋಗಿ ಕುಳಿತು, ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡ. ಪೇಸ್ಟಿ ಮುಟ್ಟಲಿಲ್ಲ. ಗ್ಲೆನಿಸ್ ಉಜ್ಜುವ ಜಾಗಕ್ಕೆ ರಬ್ಬರ್ ಸುತ್ತಿ, ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿದು, ಬಾನೆಟ್ ಮುಚ್ಚಿದಳು.

ಗಾಡಿ ಚೆನ್ನಾಗಿಯೇ ಓಡಿತು. ಎಣ್ಣೆಯ ಬಿಸಿ ತೋರಿಸಲು ಅವಳು ಅಳವಡಿಸಿಕೊಂಡ ಹೊಸ ಮೀಟರಿನ ಮುಳ್ಳು ಟ್ರೇಲರ್ ಎಳೆಯುವಾಗಲೂ ಎಂಬತ್ತೈದರ ಮೇಲೆ ಹೋಗಲಿಲ್ಲ. “ನೋಡಿದ್ಯಾ, ನಿನ್ನ ಶಿಷ್ಯೆ!” ಎಂದು ಅವಳು ಲಿಂಡ್ಸೆಯ ಟೋಪಿ ತಟ್ಟಿ ಹೋಗುತ್ತಿದ್ದಳು. ಟಪಾಲಿನ ದಿನಗಳಲ್ಲಿ ಅವನನ್ನು ನನ್ನ ಕಚೇರಿಯ ಜಗಲಿಯಲ್ಲಿ ಬಿಟ್ಟು ಹೋಗುವುದು ರೂಢಿ. ಅವಳ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವನು ನಿಂತೇ ಇರುತ್ತಿದ್ದ, ಅದು ಬರುವವರೆಗೂ ಬೀದಿಯ ಕಡೆಗೇ ಮುಖ. ಹೆಂಡತಿ ಇಲ್ಲದೆ ಬೇಜಾರು ಎಂದು ನಾನು ತಿಳಿದಿದ್ದೆ.

ಜನವರಿಯ ಎರಡನೆಯ ಶುಕ್ರವಾರ ನಲವತ್ತಾರು ಡಿಗ್ರಿ. ಮಧ್ಯಾಹ್ನ ಒಂದೂವರೆಗೆ ಆರನೆಯ ಫಾರಂನಿಂದ ಮಾರ್ನಿ ಕ್ಯಾಡ್ಜೋ ಫೋನ್ ಮಾಡಿದಳು. “ಬೆವ್, ಗ್ಲೆನಿಸ್ ಹೊರಟಿದ್ದಾಳಾ ಇವತ್ತು? ಹನ್ನೊಂದಕ್ಕೆ ಬರ್ಬೇಕಿತ್ತು. ಸ್ಯಾಟಲೈಟ್ ಫೋನೂ ಎತ್ತುತಾ ಇಲ್ಲ.”

ಐದನೆಯ ಫಾರಂಗೆ ಕೇಳಿದೆ. ಅಲ್ಲಿಂದ ಹತ್ತಕ್ಕೇ ಹೊರಟಿದ್ದಳು. ನಡುವೆ ಎಪ್ಪತ್ತು ಕಿಲೊಮೀಟರ್, ಅದರಲ್ಲಿ ದಾರಿ ಎರಡು. ಹಿಂದಿನ ವಾರದ ಮಳೆಗೆ ಒಂದು ದಾರಿಯಲ್ಲಿ ಹಳ್ಳ ದಾಟುವ ಜಾಗ ಕೊಚ್ಚಿಹೋಗಿತ್ತು, ಅದು ರಿಪೇರಿಯಾಗಿದೆಯೋ ಇಲ್ಲವೋ ತಿಳಿಯದು. ಯಾವ ದಾರಿಯಲ್ಲಿ ಹೋದಳೋ ಗೊತ್ತಿಲ್ಲ. ಮಾರ್ನಿಯ ಗಂಡ ವೆಸ್ ಒಂದು ಕಡೆಯಿಂದ, ಐದನೆಯ ಫಾರಂನವರು ಇನ್ನೊಂದು ಕಡೆಯಿಂದ ಹುಡುಕಲು ಹೊರಟರು. ಪೊಲೀಸರಿಗೂ ಹೇಳಿದೆ. ಹೇಳಿ ಮುಗಿದ ಮೇಲೆ ನನಗೆ ಮಾಡಲು ಏನೂ ಉಳಿಯಲಿಲ್ಲ.

ಲಿಂಡ್ಸೆಗೆ ಹೇಗೆ ಹೇಳಲಿ ಎಂದು ತಿರುಗಿದರೆ ಅವನು ಬಾಗಿಲಲ್ಲೇ ನಿಂತಿದ್ದ. ಕಿವಿ ಚೆನ್ನಾಗಿತ್ತಲ್ಲ. ಎಲ್ಲ ಕೇಳಿಸಿಕೊಂಡಿದ್ದ.

“ಟೈರು ಪಂಕ್ಚರ್ ಆಗಿರುತ್ತೆ ಲಿಂಡ್ಸೆ. ಬರ್ತಾಳೆ.”

ಅವನು ನನ್ನ ಮಾತು ಮುಗಿಯುವ ಮೊದಲೇ ವಾಕರ್ ತಿರುಗಿಸಿ ಬಿಸಿಲಿಗೆ ಇಳಿದ. ನಾನು ಹಿಂದೆಯೇ ಓಡಿದೆ. ಅವನು ಪಕ್ಕದ ಅಂಗಡಿಗೆ ನುಗ್ಗಿ, ಫ್ರಿಜ್ಜಿನ ಬಾಗಿಲು ತೆಗೆದು, ಸ್ಟ್ರಾಬೆರಿ ಹಾಲಿನ ಡಬ್ಬವೊಂದನ್ನು ಎಳೆದು ಗಲ್ಲಾದ ಮೇಲೆ ಇಟ್ಟ. ಅದರ ಮೇಲೆ ಬೆರಳು ಕುಟ್ಟಿದ. ಹೊರಗೆ ಬೆಟ್ಟದ ಕಡೆ ಕೈ ತೋರಿಸಿದ. ಮತ್ತೆ ಕುಟ್ಟಿದ.

“ಬಾಯಾರಿಕೆನಾ? ಕೊಡ್ತೀನಿ ತಾಳು.” ನಾನು ಡಬ್ಬ ತೆರೆದು ಸ್ಟ್ರಾ ಹಾಕಿ ಅವನ ತುಟಿಗೆ ಹಿಡಿದೆ.

ಅವನು ನನ್ನ ಮುಖ ನೋಡಿದ ನೋಟವಿದೆಯಲ್ಲ, ಅದನ್ನು ನಾನು ಯಾರ ಕಣ್ಣಲ್ಲೂ ನೋಡಿಲ್ಲ. ಡಬ್ಬವನ್ನು ಕಸಿದು ನೆಲಕ್ಕೆ ಬಡಿದ. ಗುಲಾಬಿ ಬಣ್ಣದ ಹಾಲು ಸಿಮೆಂಟಿನ ಮೇಲೆ ಹರಡಿತು. ಅವನು ಅದಕ್ಕೆ ಬೆರಳು ತೋರಿಸಿ, “ಮಂಗಳವಾರ! ಮಂಗಳವಾರ! ಮಂಗಳವಾರ!” ಎಂದು ಕೂಗಿದ. ಅಂಗಡಿಯ ಹೆಂಗಸು ಒರೆಸುವ ಬಟ್ಟೆ ತಂದಳು. ತಲೆ ಕೆಟ್ಟಿದೆ ಪಾಪ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅವನಿಗೆ ಅದೂ ಕೇಳಿಸಿತು.

ಅವನನ್ನು ಜಗಲಿಗೆ ಕರೆತಂದು ಒದ್ದೆ ಬಟ್ಟೆ ಕುತ್ತಿಗೆಗೆ ಹಾಕಿ ಕೂರಿಸಿದೆ. ಎರಡು, ಮೂರು, ನಾಲ್ಕು ಗಂಟೆ. ಪ್ರತಿ ಸಲ ಫೋನ್ ರಿಂಗಾದಾಗಲೂ ಅವನು ಅರ್ಧ ಏಳುತ್ತಿದ್ದ. ನನ್ನ ಮುಖದಲ್ಲೇ ಉತ್ತರ ಓದಿಕೊಂಡು ಕೂರುತ್ತಿದ್ದ.

ಐದಕ್ಕೆ ಹತ್ತು ನಿಮಿಷವಿದ್ದಾಗ ವೆಸ್ ಕ್ಯಾಡ್ಜೋನ ಫೋನ್ ಬಂತು. “ಸಿಕ್ಕಿದ್ದಾಳೆ. ಜೀವ ಇದೆ. ನೀರು ಖಾಲಿ ಮಾಡ್ಕೊಂಡು ಟ್ರೇಲರ್ ಕೆಳಗೆ ಮಲಗಿದ್ಳು. ಮಾತು ತೊದಲ್ತಿದೆ, ವಿಮಾನ ಕರೆಸಿದೀವಿ.”

“ಗಾಡಿಗೆ ಏನಾಗಿತ್ತು?”

“ಗೇರ್‌ಬಾಕ್ಸ್ ಢಮಾರ್. ಎಣ್ಣೆ ನೋಡೋ ಕಡ್ಡಿ ಎಳೆದ್ರೆ ಎಣ್ಣೆ ಎಲ್ಲಿದೆ? ಸ್ಟ್ರಾಬೆರಿ ಹಾಲು ಇದ್ದಂಗಿದೆ ಬೆವ್. ರೇಡಿಯೇಟರ್ ನೀರು ಒಳಗೆ ಹೊಕ್ಕಿದೆ.”

ಫೋನ್ ಕೈಯಲ್ಲೇ ಇತ್ತು. ನಾನು ಲಿಂಡ್ಸೆಯ ಕಡೆ ನೋಡಲಾಗದೆ ನೆಲ ನೋಡಿದೆ.

ಗ್ಲೆನಿಸ್ ಆಮೇಲೆ ಹೇಳಿದ್ದು ಇಷ್ಟು. ಹಳ್ಳ ದಾಟಿ ಏರು ಹತ್ತುವಾಗ ಗಾಡಿ ನಡುಗಿತು. ಇಂಜಿನ್ ಕೂಗುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. ಇಳಿದು ಕಡ್ಡಿ ಎಳೆದವಳಿಗೆ ಆ ಬಣ್ಣ ಕಂಡ ಕೂಡಲೇ ಎಲ್ಲ ತಿಳಿಯಿತು. ರೇಡಿಯೇಟರಿನೊಳಗಿನ ಹಳೆಯ ಕೊಳವೆ ಕೂಲರ್ ಹಾಕಿದ ದಿನವೇ ಸೀಳಿತ್ತು, ಎಣ್ಣೆ ನೀರಿಗೆ ಜಿನುಗುತ್ತಿತ್ತು, ಇಂದಲ್ಲ ನಾಳೆ ನೀರು ಎಣ್ಣೆಗೆ ನುಗ್ಗುವುದಿತ್ತು. ಲಿಂಡ್ಸೆ ಹೇಳುತ್ತಿದ್ದುದು ಅದನ್ನೇ. ರೇಡಿಯೇಟರನ್ನು ಬಿಟ್ಟುಬಿಡು, ಪೈಪುಗಳನ್ನು ನೇರ ಹೊಸ ಕೂಲರಿಗೇ ಕೊಡು. ಮೇಜಿನ ಮೇಲೆ ಹೊಡೆದ ಅಡ್ಡಗೆರೆ ಅದೇ. ಸ್ಯಾಟಲೈಟ್ ಫೋನು ಸೆಖೆಗೆ ತಾನಾಗಿ ಆರಿಹೋಗಿತ್ತು. “ಟ್ರೇಲರ್ ಕೆಳಗೆ ಮಲಗಿ ಅವನ ಬೆರಳೇ ನೋಡ್ತಾ ಇದ್ದೆ ಬೆವ್. ಒರೆಸ್ತಾ ಇದ್ದೆ, ಒರೆಸ್ತಾ ಇದ್ದೆ” ಎಂದಳು.

ನಾಲ್ಕನೆಯ ದಿನ ಆಸ್ಪತ್ರೆಯಿಂದ ಅವಳನ್ನು ನಾನೇ ಕರೆತಂದೆ. ತುಟಿ ಒಡೆದು ಹೊಪ್ಪಳೆಯಾಗಿತ್ತು. ಲಿಂಡ್ಸೆ ಮುಂದಿನ ಕೋಣೆಯಲ್ಲಿ ಕುಳಿತಿದ್ದ. ಅವಳು ಹೋಗಿ ಅವನ ಕಾಲಬುಡದಲ್ಲಿ, ಕೆಟ್ಟ ಮಂಡಿಯನ್ನು ಲೆಕ್ಕಿಸದೆ, ನೆಲದ ಮೇಲೆ ಕುಳಿತಳು.

“ನೀನು ಹೇಳಿದ್ದೆ. ಸರಿಯಾಗೇ ಹೇಳಿದ್ದೆ. ನಂಗೆ ಕೇಳಿಸ್ಲಿಲ್ಲ ಕಣೋ.”

ಅವನು ಎಡಗೈಯಿಂದ ಅವಳ ಒಡೆದ ತುಟಿ ಮುಟ್ಟಿದ. “ಮಂಗಳವಾರ,” ಎಂದ, ಬಹಳ ಮೆಲ್ಲಗೆ.

“ಹೇಳು. ಎಲ್ಲೂ ಹೋಗಲ್ಲ ನಾನು. ಹೇಳು.”

ಅವನು ಹೇಳಿದ. ಅರ್ಧ ಗಂಟೆ ಹೇಳಿದ. ಧ್ವನಿ ಏರಿತು, ಇಳಿಯಿತು, ಬೈದ, ಬೇಡಿಕೊಂಡ, ಒಂದು ಕಡೆ ನಕ್ಕ ಕೂಡ. ಕಣ್ಣು ಮುಚ್ಚಿ ಕೇಳಿದರೆ ಹಳೆಯ ಲಿಂಡ್ಸೆಯೇ ಶೆಡ್ಡಿನ ಬಾಗಿಲಲ್ಲಿ ನಿಂತು ಯಾರಿಗೋ ಬುದ್ಧಿ ಹೇಳುತ್ತಿದ್ದಾನೆ ಅನ್ನಿಸುತ್ತಿತ್ತು. ಪದ ಮಾತ್ರ ಆ ಒಂದೇ. ಗ್ಲೆನಿಸ್ ಮಧ್ಯೆ ಬಾಯಿ ಹಾಕಲಿಲ್ಲ, ಅರ್ಥವಾದ ಹಾಗೆ ನಟಿಸಲೂ ಇಲ್ಲ. ನಾನು ಅಡುಗೆಮನೆಗೆ ಹೋಗಿ ಕೆಟಲ್ ಇಟ್ಟೆ. ಅದು ಕುದಿದು ತಣ್ಣಗಾಯಿತು, ಚಹಾ ಮಾಡಲು ನೆನಪಾಗಲಿಲ್ಲ.

ಟಪಾಲಿನ ಕೆಲಸವನ್ನು ಅವಳು ತಾನಾಗಿಯೇ ಬಿಟ್ಟಳು. ಗಾಡಿ ಇರಲಿಲ್ಲ; ಇದ್ದಿದ್ದರೂ ಅವನನ್ನು ಜಗಲಿಯಲ್ಲಿ ಕಾಯಿಸಿ ಹೋಗುವ ಮನಸ್ಸಿರಲಿಲ್ಲ. ಈಗ ಪೋರ್ಟ್ ಅಗಸ್ಟಾದಿಂದ ಬೇರೆಯವರು ಬಂದು ಚೀಲ ಒಯ್ಯುತ್ತಾರೆ. ಒಳ್ಳೆಯವರೇ, ಗಡಿಯಾರ ನೋಡುತ್ತ ಇರುತ್ತಾರೆ. ಶೆಡ್ಡಿನ ಸಾಮಾನನ್ನು ಗ್ಲೆನಿಸ್ ಮಾರಿದ ದಿನ ಲಿಂಡ್ಸೆಯನ್ನು ಮನೆಯಲ್ಲಿ ನನ್ನ ಜೊತೆ ಬಿಟ್ಟು ಹೋಗಿದ್ದಳು. ಅವನು ಕಿಟಕಿಯ ಹತ್ತಿರ ಹೋಗಲಿಲ್ಲ. ಏಪ್ರಿಲ್‌ನಲ್ಲಿ ಇಬ್ಬರೂ ಪೋರ್ಟ್ ಅಗಸ್ಟಾಗೆ, ಕಡಲ ಕೊಲ್ಲಿಯ ದಂಡೆಯ ಸಣ್ಣ ಮನೆಯೊಂದಕ್ಕೆ ಹೋದರು. ಮಾತು ಕಲಿಸುವ ಹುಡುಗಿಗೆ ಅದು ಹತ್ತಿರ. ಒಂದು ವರ್ಷಕ್ಕೆ ಅವನಿಗೆ ಒಂಬತ್ತು ಪದ ಬಂದಿವೆ. ‘ಉಪ್ಪು’ ಇದೆ, ‘ನಾಯಿ’ ಇದೆ. ಗ್ಲೆನಿಸಳ ಹೆಸರು ಇನ್ನೂ ಬಂದಿಲ್ಲ.

ತಿಂಗಳಿಗೊಂದು ಭಾನುವಾರ ನಾನು ಹೋಗುತ್ತೇನೆ. ಕಳೆದ ಸಲ ಅವಳು ಗಾರ್‌ಫಿಶ್ ಹುರಿದಿದ್ದಳು. ಕೊಲ್ಲಿಯಲ್ಲಿ ಹಿಡಿದದ್ದು, ಎಳೆಯಷ್ಟು ಸಣ್ಣ ಮುಳ್ಳು ತುಂಬಿದ ಮೀನು. ಅವನ ತಟ್ಟೆಗೆ ಹಾಕಿದ ತುಂಡನ್ನು ಅವನು ಬಾಯಿಗೆ ಇಟ್ಟು ಅಗಿಯುವುದನ್ನು ನಿಲ್ಲಿಸಿದ.

“ಮುಳ್ಳಿದ್ಯಾ?” ಎಂದೆ ನಾನು.

ಅವನು ತಲೆಯಾಡಿಸಿದ. ಇದೆ ಎಂದೋ, ಇಲ್ಲ ಎಂದೋ.

ಗ್ಲೆನಿಸ್ ಕೇಳಲು ಹೋಗಲಿಲ್ಲ. ಅವನ ಗಲ್ಲದ ಕೆಳಗೆ ಅಂಗೈ ಹಿಡಿದಳು; ಅವನು ತುಂಡನ್ನು ಅದಕ್ಕೆ ಉಗಿದ. ಅವಳು ಅದನ್ನು ಬೆರಳುಗಳ ನಡುವೆ ಮೆಲ್ಲಗೆ ಹಿಸುಕಿ, ಎರಡು ಮುಳ್ಳು ತೆಗೆದು, ತಟ್ಟೆಯ ಅಂಚಿಗೆ ಇಟ್ಟಳು. ಆಮೇಲೆ ಉಳಿದ ಮೀನನ್ನೂ ತನ್ನ ಕಡೆಗೆ ಎಳೆದುಕೊಂಡು, ಒಂದೊಂದೇ ತುಂಡನ್ನು ಮುಟ್ಟಿ ನೋಡಿ ಅವನಿಗೆ ಕೊಡತೊಡಗಿದಳು. ನಮ್ಮಿಬ್ಬರ ತಟ್ಟೆಯ ಊಟ ಆರಿತು. ಅವನು ತಿನ್ನುತ್ತಿದ್ದ.